ಯಾರನ್ನು ಹೆದರಿಸಬೇಕೆಂದು ದೆವ್ವಕ್ಕೆ ಗೊತ್ತು

(ಪದವಿ ಕಾಲೇಜೊಂದರ ವಿಚಾರ ವೇದಿಕೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ಮೊದಲಿಗೇ ಒಂದು ಮಾತು ಒಪ್ಪಿಸಿಬಿಡುತ್ತೇನೆ. ನಾನು ಸಂಗೀತಶಾಸ್ತ್ರ ಬಲ್ಲವನಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮುಗಿಸಿ, ಪತ್ರಿಕೆ ಸೇರಿ, ದಿನದ ಬಹುಪಾಲನ್ನು ಪೊಲೀಸ್ ಠಾಣೆಗೂ ಆಸ್ಪತ್ರೆಯ ಶವಾಗಾರಕ್ಕೂ ನಡುವೆ ಕಳೆಯುವ ವರದಿಗಾರ. ಅಂಥವನು ಜಮೈಕಾ ದೇಶದ ಹಾಡುಗಳ ಬಗ್ಗೆ ಮಾತಾಡಲು ಬಂದು ನಿಂತಿರುವುದಕ್ಕೆ ಕಾರಣ ಒಬ್ಬ ಹುಡುಗ.

ಒಂದು ರಾತ್ರಿ ಪಾಳಿ ಮುಗಿಸಿ ರೂಮಿಗೆ ಬಂದಾಗ ಗಂಟೆ ಎರಡಾಗಿತ್ತು. ನನ್ನ ಜೊತೆ ರೂಮಿನಲ್ಲಿರುವ ಗೆಳೆಯನ ತಮ್ಮ ಕತ್ತಲಲ್ಲಿ ಕುಳಿತು ಫೋನಿನಲ್ಲಿ ಏನೋ ಕೇಳುತ್ತಿದ್ದ. ದೇವಸ್ಥಾನದ ಗಂಟೆಯಲ್ಲ, ಶವಯಾತ್ರೆಯ ಗಂಟೆಯಂಥದ್ದು. ಅದರ ಕೆಳಗೆ ಎದೆಗೂಡು ಅದುರಿಸುವ ಸದ್ದು. ಅದರ ಮೇಲೆ ಪಿಸುಗುಟ್ಟುವ ಗಂಡು ದನಿ. 'ಇದೇನೋ ಮಾರಾಯ, ಹಾಡೋ ದೆವ್ವವೋ?' ಎಂದೆ. ಅವನು ನಕ್ಕು, 'ಎರಡೂ ಅಣ್ಣ' ಎಂದ. ಆ ಉತ್ತರ ಎಷ್ಟು ಸರಿ ಎಂಬುದು ನನಗೆ ತಿಳಿದದ್ದು ಆಮೇಲೆ.

ಜಮೈಕಾ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಕ್ರಿಕೆಟ್. 2013ರ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಔಟಾಗದೆ 175 ರನ್ ಬಾರಿಸಿದ ಕ್ರಿಸ್ ಗೇಲ್ ಅಲ್ಲಿನ ರಾಜಧಾನಿ ಕಿಂಗ್‌ಸ್ಟನ್ನಿನವರು. ಆ ಪುಟ್ಟ ದ್ವೀಪದ ಜನಸಂಖ್ಯೆ ಸುಮಾರು 28 ಲಕ್ಷ. ಬೆಂಗಳೂರಿನ ಅರ್ಧಕ್ಕಿಂತ ಕಡಿಮೆ. ಆದರೂ ಜಗತ್ತಿನ ಯುವಜನ ಕುಣಿಯುವ ತಾಳವನ್ನು ಅದು ಹಲವು ಬಾರಿ ಬದಲಿಸಿದೆ. ಈಗ ಅಲ್ಲಿಂದ ಬಂದಿರುವ, ಡಾನ್ಸ್‌ಹಾಲ್ ಮತ್ತು ಅಮೆರಿಕದ ಟ್ರ್ಯಾಪ್ ಬೆರೆತ, ಭಯವನ್ನೇ ಬಂಡವಾಳ ಮಾಡಿಕೊಂಡ ಹಾಡುಗಳ ಕಥೆ ನಾನು ಹೇಳಹೊರಟಿರುವುದು.

ಅಂಗಳದ ಸಂಗೀತ

ಡಾನ್ಸ್‌ಹಾಲ್ ಎಂಬ ಹೆಸರು ಬಂದದ್ದು ಹಾಡಿನಿಂದಲ್ಲ, ಜಾಗದಿಂದ. 1950ರ ದಶಕದಿಂದಲೇ ಕಿಂಗ್‌ಸ್ಟನ್ನಿನ ಬಡಾವಣೆಗಳಲ್ಲಿ ಬಯಲು ಅಂಗಳಗಳಲ್ಲಿ ಆಳೆತ್ತರದ ಧ್ವನಿಪೆಟ್ಟಿಗೆಗಳನ್ನು ಪೇರಿಸಿ ರೆಕಾರ್ಡು ಹಾಕುತ್ತಿದ್ದರು. ಅದಕ್ಕೆ ಸೌಂಡ್ ಸಿಸ್ಟಮ್ ಎಂದು ಹೆಸರು. ರೇಡಿಯೊದಲ್ಲಿ ತಮ್ಮ ಹಾಡು ಬಾರದ ಬಡವರಿಗೆ ಅದೇ ರೇಡಿಯೊ. ರೆಕಾರ್ಡು ತಿರುಗುತ್ತಿದ್ದಾಗ ಮೈಕ್ ಹಿಡಿದು ತಾಳಕ್ಕೆ ಸರಿಯಾಗಿ ಮಾತು ಹೆಣೆಯುವವನನ್ನು ಅಲ್ಲಿ ಡೀಜೆ ಎನ್ನುತ್ತಾರೆ. 1970ರ ದಶಕದ ಕೊನೆಯ ವೇಳೆಗೆ ಈ ಅಂಗಳದ ಶೈಲಿಯೇ ರೆಗ್ಗೆಯಿಂದ ಕವಲೊಡೆದು ಡಾನ್ಸ್‌ಹಾಲ್ ಆಯಿತು.

1985ರಲ್ಲಿ ಒಂದು ತಿರುವು. ಕಿಂಗ್ ಜ್ಯಾಮಿ ಎಂಬ ನಿರ್ಮಾಪಕ ಮತ್ತು ವೇಯ್ನ್ ಸ್ಮಿತ್ ಎಂಬ ಗಾಯಕ ಸೇರಿ ಕ್ಯಾಸಿಯೊ ಕಂಪನಿಯ ಚಿಕ್ಕ ಕೀಬೋರ್ಡ್ ಒಂದರಲ್ಲಿ ಮೊದಲೇ ತುಂಬಿಸಿಟ್ಟಿದ್ದ ತಾಳವನ್ನೇ ನಿಧಾನಗೊಳಿಸಿ 'ಅಂಡರ್ ಮಿ ಸ್ಲೆಂಗ್ ಟೆಂಗ್' ಎಂಬ ಹಾಡು ಮಾಡಿದರು. ಆ ತಾಳವನ್ನು ಕೀಬೋರ್ಡಿಗೆ ತುಂಬಿದವರು ಜಪಾನಿನ ಒಕುಡಾ ಹಿರೊಕೊ ಎಂಬ ತರುಣಿ. ಕಾಲೇಜಿನಲ್ಲಿ ರೆಗ್ಗೆಯ ಮೇಲೆ ಪ್ರಬಂಧ ಬರೆದಿದ್ದವರು. ವಾದ್ಯಗಾರರ ತಂಡಕ್ಕೆ ಹಣವಿಲ್ಲದವನೂ ಹಾಡು ಮಾಡಬಹುದು ಎಂಬುದು ಅಂದಿನಿಂದ ಖಾತ್ರಿಯಾಯಿತು. ಯಂತ್ರದ ತಾಳಕ್ಕೆ ಜಮೈಕಾ ಹೆದರಲಿಲ್ಲ, ಅದನ್ನು ಮನೆಯೊಳಕ್ಕೆ ಕರೆದುಕೊಂಡಿತು. ಇದನ್ನು ನೆನಪಿಡಿ, ಮುಂದೆ ಅಮೆರಿಕದ ಯಂತ್ರ ಬಂದಾಗಲೂ ಆದದ್ದು ಇದೇ.

ಒಂಬತ್ತನೆಯ ರಾತ್ರಿ

ಇನ್ನು ದೆವ್ವದ ವಿಷಯ. ಜಮೈಕಾದ ಜನ ದೆವ್ವವನ್ನು ಡಪ್ಪಿ ಎನ್ನುತ್ತಾರೆ. ಮನುಷ್ಯನಿಗೆ ಎರಡು ಆತ್ಮ. ಸತ್ತ ಮೇಲೆ ಒಂದು ದೇವರಲ್ಲಿಗೆ ಹೋಗುತ್ತದೆ, ಇನ್ನೊಂದು ಕೆಲವು ದಿನ ಮನೆಯ ಸುತ್ತಮುತ್ತಲೇ ಸುಳಿಯುತ್ತದೆ ಎಂಬುದು ಆಫ್ರಿಕಾದಿಂದ ಬಂದ ಹಳೆಯ ನಂಬಿಕೆ. ಅದನ್ನು ಸರಿಯಾಗಿ ಬೀಳ್ಕೊಡದಿದ್ದರೆ ಅದು ಡಪ್ಪಿಯಾಗಿ ನಿಲ್ಲುತ್ತದೆ. ಆದ್ದರಿಂದ ಒಂಬತ್ತನೆಯ ರಾತ್ರಿ ನೆಂಟರಿಷ್ಟರು ಸೇರುತ್ತಾರೆ. ಕರಿದ ಮೀನು, ರಮ್, ಡೊಮಿನೊ ಆಟ, ಹಾಡು, ಕುಣಿತ. ಸತ್ತವರ ಕೋಣೆಯ ಸಾಮಾನುಗಳ ಜಾಗ ಬದಲಿಸುವುದೂ ಉಂಟು, ಹಿಂತಿರುಗಿ ಬಂದರೆ ಮನೆಯ ಗುರುತು ಸಿಗಬಾರದು ಎಂದು. ಇತ್ತೀಚಿನ ದಶಕಗಳಲ್ಲಿ ಈ ರಾತ್ರಿಗಳಿಗೂ ಸೌಂಡ್ ಸಿಸ್ಟಮ್ ಬಂದಿದೆ. ಅಂದರೆ ಸಾವಿನ ಮನೆಯಲ್ಲಿ ಕುಣಿತದ ಹಾಡು ಅಲ್ಲಿ ಅಪಚಾರವಲ್ಲ, ಕರ್ತವ್ಯ.

ಡಪ್ಪಿಯ ಜೊತೆಗೆ ಬರುವ ಇನ್ನೊಂದು ಪದ ಓಬಿಯಾ. ಗಿಡಮೂಲಿಕೆ ಮದ್ದು, ತಾಯಿತ, ಮಾಟ, ರಕ್ಷೆ ಎಲ್ಲವೂ ಸೇರಿದ ವಿದ್ಯೆ ಅದು. 1760ರಲ್ಲಿ ಬ್ರಿಟಿಷರ ಕಬ್ಬಿನ ತೋಟಗಳಲ್ಲಿ ಗುಲಾಮರು ಟ್ಯಾಕಿ ಎಂಬ ನಾಯಕನ ಹಿಂದೆ ದಂಗೆ ಎದ್ದರು. ಓಬಿಯಾ ಬಲ್ಲವನೊಬ್ಬ ದಂಗೆಕೋರರಿಗೆ ಪುಡಿ ಕೊಟ್ಟು, ಬಿಳಿಯರ ಗುಂಡು ನಿಮಗೆ ತಾಗದು ಎಂದು ಧೈರ್ಯ ತುಂಬಿದ್ದನಂತೆ. ದಂಗೆಯನ್ನು ರಕ್ತದಲ್ಲಿ ಅದ್ದಿ ಮುಗಿಸಿದ ತೋಟದ ಒಡೆಯರು ಅದೇ ವರ್ಷ ಓಬಿಯಾ ವಿರುದ್ಧ ಕಾಯಿದೆ ಮಾಡಿದರು. ಅದರಲ್ಲಿ ಹೆಸರಿಸಿದ ವಸ್ತುಗಳ ಪಟ್ಟಿ ನೋಡಿ: ರಕ್ತ, ಗರಿ, ಗಿಳಿಯ ಕೊಕ್ಕು, ನಾಯಿಯ ಹಲ್ಲು, ಮೊಸಳೆಯ ಹಲ್ಲು, ಒಡೆದ ಬಾಟಲಿ, ಗೋರಿಯ ಮಣ್ಣು, ರಮ್, ಮೊಟ್ಟೆಯ ಚಿಪ್ಪು. ಶಿಕ್ಷೆ ಮರಣ ಅಥವಾ ಗಡೀಪಾರು.

ಬಂದೂಕು, ಸೈನ್ಯ, ಹಡಗು ಎಲ್ಲ ಇದ್ದವರು ಮೊಟ್ಟೆಯ ಚಿಪ್ಪಿಗೆ ಹೆದರಿದರು! ಯಾಕೆ? ಏನೂ ಇಲ್ಲದವನ ಕೈಯಲ್ಲಿ ಉಳಿದಿದ್ದ ಒಂದೇ ಆಯುಧ ಹೆದರಿಕೆ ಎಂಬುದು ಅವರಿಗೆ ಗೊತ್ತಿತ್ತು. 1834ರಿಂದ 1838ರೊಳಗೆ ಗುಲಾಮಗಿರಿ ಕೊನೆಗೊಂಡಿತು. ಓಬಿಯಾ ಮೇಲಿನ ನಿಷೇಧ ಕೊನೆಗೊಳ್ಳಲಿಲ್ಲ. 1898ರಲ್ಲಿ ಹೊಸ ಕಾಯಿದೆಯೇ ಬಂತು, 1962ರಲ್ಲಿ ಸ್ವಾತಂತ್ರ್ಯ ಸಿಕ್ಕಿ ದಶಕಗಳು ಕಳೆದರೂ ಅದು ಕಾನೂನು ಪುಸ್ತಕದಲ್ಲಿ ಉಳಿಯಿತು.

ಜಮೈಕಾದಲ್ಲಿ ಒಂದು ಗಾದೆಯಿದೆ. ಯಾರನ್ನು ಹೆದರಿಸಬೇಕೆಂದು ದೆವ್ವಕ್ಕೆ ಗೊತ್ತು ಎಂದು ಅದರ ಅರ್ಥ. ಮೆತ್ತಗಿರುವವನನ್ನು ಕಂಡೇ ಬಲಶಾಲಿ ಕೈ ಎತ್ತುತ್ತಾನೆ ಎನ್ನುವಾಗ ಜನ ಈ ಮಾತನ್ನು ಆಡುತ್ತಾರೆ. 1760ರಲ್ಲಿ ಮಾತ್ರ ಆ ಗಾದೆ ತಿರುಗಾಮುರುಗಾ ಆಗಿತ್ತು. ಅಂದು ದೆವ್ವ ಹೆದರಿಸಿದ್ದು ಒಡೆಯನನ್ನು.

ನಗಿಸುವ ದೆವ್ವ

ಸಂಗೀತದಲ್ಲಿ ಡಪ್ಪಿ ಬಹುಕಾಲ ನಗೆಯ ಪಾತ್ರವಾಗಿತ್ತು. 1970ರಲ್ಲಿ ಬಾಬ್ ಮಾರ್ಲಿಯ ವೇಲರ್ಸ್ ತಂಡ, ಲೀ ಪೆರಿಯ ನಿರ್ಮಾಣದಲ್ಲಿ, ಎರಡು ದೆವ್ವದ ಹಾಡು ಹಾಡಿತು. 'ಡಪ್ಪಿ ಕಾಂಕರರ್' ಎಂದರೆ ದೆವ್ವವನ್ನು ಗೆದ್ದವನು. 'ಮಿಸ್ಟರ್ ಬ್ರೌನ್' ಹಾಡಿನ ಹಿಂದೆ ಆ ಕಾಲಕ್ಕೆ ಊರೆಲ್ಲ ಹಬ್ಬಿದ್ದ ಗಾಳಿಸುದ್ದಿ ಇತ್ತು: ಮೂರು ಗಾಲಿಯ ಶವಪೆಟ್ಟಿಗೆಯೊಂದು ಬೀದಿ ಸುತ್ತುತ್ತಿದೆ, ಅದರ ಮೇಲೆ ರಣಹದ್ದುಗಳು ಕುಳಿತಿವೆ, ಅವು ಬ್ರೌನ್ ಎಂಬವನನ್ನು ವಿಚಾರಿಸುತ್ತಿವೆ ಎಂದು.

1979-80ರ ಸುಮಾರಿಗೆ ಲೋನ್ ರೇಂಜರ್ ಎಂಬ ಡೀಜೆ 'ಬಾರ್ನಬಸ್ ಕಾಲಿನ್ಸ್' ಹಾಡಿದ. ಅದು ಅಮೆರಿಕದ ಟಿವಿ ಧಾರಾವಾಹಿಯೊಂದರ ರಕ್ತಪಿಶಾಚಿಯ ಹೆಸರು. 1981ರಲ್ಲಿ ಸೈಂಟಿಸ್ಟ್ ಎಂಬ ಹೆಸರಿನ ಧ್ವನಿತಂತ್ರಜ್ಞ ರಕ್ತಪಿಶಾಚಿಗಳ ಶಾಪದಿಂದ ಜಗತ್ತನ್ನು ಪಾರುಮಾಡುವ ಇಡೀ ಧ್ವನಿಮುದ್ರಿಕೆಯನ್ನೇ ಹೊರತಂದ. ಅದರ ರಟ್ಟಿನ ಮೇಲೆ ಮಕ್ಕಳ ಕಾಮಿಕ್ಸಿನಂಥ ಚಿತ್ರ.

ಈ ಹಾಡುಗಳಲ್ಲಿ ಒಂದು ಸಾಮಾನ್ಯ ಅಂಶವಿದೆ. ದೆವ್ವ ಹೊರಗಿದೆ, ಹಾಡುಗಾರ ನಮ್ಮ ಪಕ್ಕದಲ್ಲಿದ್ದಾನೆ. ಅವನು ದೆವ್ವವನ್ನು ಗೆಲ್ಲುತ್ತಾನೆ, ಓಡಿಸುತ್ತಾನೆ, ಇಲ್ಲವೇ ಅಣಕಿಸುತ್ತಾನೆ. ಒಂಬತ್ತನೆಯ ರಾತ್ರಿಯ ಕೆಲಸವನ್ನೇ ಹಾಡೂ ಮಾಡುತ್ತದೆ.

ಅಟ್ಲಾಂಟಾದಿಂದ ಬಂದ ಯಂತ್ರ

ಈಗ ಸ್ವಲ್ಪ ಹೊತ್ತು ಅಮೆರಿಕಕ್ಕೆ ಹೋಗೋಣ. ಜಮೈಕಾದ ದೆವ್ವಕ್ಕೆ ಹೊಸ ದನಿ ಬಂದದ್ದು ಅಲ್ಲಿಂದ. ದಕ್ಷಿಣದ ಅಟ್ಲಾಂಟಾ ನಗರದಲ್ಲಿ ಮಾದಕವಸ್ತು ಮಾರುವ ಮನೆಗೆ ಟ್ರ್ಯಾಪ್ ಎಂದು ಹೆಸರು. ಬೋನು ಎಂದೇ ಅರ್ಥ. ಹೊಕ್ಕವನು ಹೊರಬರುವುದು ಕಷ್ಟ. ಆ ಬದುಕನ್ನು ಹಾಡಿದ ರ್‍ಯಾಪ್ ಶೈಲಿಗೂ ಅದೇ ಹೆಸರು ಅಂಟಿತು, 2003ರಲ್ಲಿ ಟಿ.ಐ. ಎಂಬ ಗಾಯಕನ 'ಟ್ರ್ಯಾಪ್ ಮ್ಯೂಜಿಕ್' ಹೊರಬಂದ ಮೇಲೆ ಅದು ಎಲ್ಲರ ಬಾಯಿಗೆ ಬಂತು. ಇನ್ನೊಂದು ದಕ್ಷಿಣದ ನಗರ ಮೆಂಫಿಸ್‌ನಲ್ಲಿ ತ್ರೀ ಸಿಕ್ಸ್ ಮಾಫಿಯಾ ತಂಡ 1990ರ ದಶಕದಲ್ಲೇ ಭಯಾನಕ ಚಲನಚಿತ್ರಗಳ ಹಿನ್ನೆಲೆ ಸಂಗೀತದಂಥ ದನಿಗಳನ್ನು ರ್‍ಯಾಪ್‌ಗೆ ಬೆರೆಸಿತ್ತು. ಟ್ರ್ಯಾಪ್ ಅದನ್ನೂ ನುಂಗಿಕೊಂಡಿತು.

ಇದರ ಕಸುಬು ಹೀಗೆ. ರೋಲಂಡ್ ಕಂಪನಿ 1980ರಲ್ಲಿ ತಂದ 808 ಎಂಬ ಡ್ರಮ್ ಯಂತ್ರದ ತಳದ ಸದ್ದನ್ನು ಉದ್ದಕ್ಕೆ ಎಳೆಯುತ್ತಾರೆ. ಅದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಮೇಲೆ ತಾಳದ ತಟ್ಟೆಯ ಚಿಕ್ಕ ಸದ್ದುಗಳು ಇದ್ದಕ್ಕಿದ್ದಂತೆ ಎರಡು ಪಟ್ಟು, ಮೂರು ಪಟ್ಟು ವೇಗಕ್ಕೆ ಏರುತ್ತವೆ, ಹಾವಿನ ಬುಸುಗುಟ್ಟುವಿಕೆಯಂತೆ. ತಾಳ ನಿಧಾನ, ತಟ್ಟೆ ಅವಸರ. ದೇಹಕ್ಕೆ ಏನೋ ಅಟ್ಟಿಸಿಕೊಂಡು ಬರುತ್ತಿದೆ ಎನಿಸುತ್ತದೆ, ಕಾಲು ಮಾತ್ರ ಎತ್ತಲಾಗುವುದಿಲ್ಲ. ಕೆಟ್ಟ ಕನಸಿನ ಅನುಭವವೂ ಇದೇ ಅಲ್ಲವೇ? ಹಳೆಯ ಡಾನ್ಸ್‌ಹಾಲ್ ಸೊಂಟವನ್ನು ಕುಣಿಸುತ್ತಿತ್ತು. ಟ್ರ್ಯಾಪ್ ಬೆರೆತದ್ದು ತಲೆಯನ್ನು ಮಾತ್ರ ತೂಗಿಸುತ್ತದೆ.

ಒಂದೇ ಊರಿನ ಎರಡು ದೆವ್ವ

ಈ ಬೆರಕೆ ಹದಗೊಂಡ ಮುಖ್ಯ ಊರು ಕಿಂಗ್‌ಸ್ಟನ್ ಅಲ್ಲ. ದ್ವೀಪದ ವಾಯವ್ಯ ಕರಾವಳಿಯ ಮಾಂಟೆಗೊ ಬೇ. ಪ್ರವಾಸಿಗರ ಊರು. ಅದರ ಪೂರ್ವಕ್ಕೆ ರೋಸ್ ಹಾಲ್ ಎಂಬ 18ನೇ ಶತಮಾನದ ಬಂಗಲೆಯಿದೆ. ಮೂವರು ಗಂಡಂದಿರನ್ನು ಕೊಂದು, ಗುಲಾಮರನ್ನು ಹಿಂಸಿಸಿ, ಕೊನೆಗೆ ಕೊಲೆಯಾದ ಆ್ಯನಿ ಪಾಮರ್ ಎಂಬ ಬಿಳಿಯ ಮಾಟಗಾತಿಯ ದೆವ್ವ ಅಲ್ಲಿ ಅಲೆಯುತ್ತದೆ ಎಂಬುದು ಕಥೆ. 1929ರ ಎಚ್.ಜಿ. ಡಿ ಲಿಸ್ಸರ್ ಕಾದಂಬರಿ ಅದನ್ನು ಮನೆಮಾತಾಗಿಸಿತು. ದಾಖಲೆ ತೆರೆದು ನೋಡಿದ ಸಂಶೋಧಕರು ಈ ಕಥೆಗೆ ಆಧಾರವಿಲ್ಲ ಎಂದಿದ್ದಾರೆ. ಆದರೂ ಪ್ರವಾಸಿಗರು ಟಿಕೆಟ್ ಕೊಂಡು ರಾತ್ರಿ ಹೊತ್ತು ದೆವ್ವ ನೋಡಲು ಹೋಗುತ್ತಾರೆ.

ಅದೇ ಊರಿನಲ್ಲಿ, ವಿಮಾನ ನಿಲ್ದಾಣದ ಪಕ್ಕದಲ್ಲಿ, ಫ್ಲ್ಯಾಂಕರ್ ಎಂಬ ಬಡ ಬಡಾವಣೆಯಿದೆ. ಟಾಮಿ ಲೀ ಸ್ಪಾರ್ಟಾ ಅಲ್ಲಿಯವನು. ಡಾನ್ಸ್‌ಹಾಲಿನ ಆ ಕಾಲದ ದೊಡ್ಡ ಹೆಸರು ವೈಬ್ಸ್ ಕಾರ್ಟೆಲ್. ಟಾಮಿ ಲೀ ಅವನ ಬಳಗದವನು. 2011ರಲ್ಲಿ ಕೊಲೆ ಆರೋಪದ ಮೇಲೆ ಕಾರ್ಟೆಲ್ ಜೈಲು ಸೇರಿದ. (2014ರಲ್ಲಿ ಅವನಿಗೆ ಶಿಕ್ಷೆಯಾಯಿತು, 2024ರ ಮಾರ್ಚ್‌ನಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ತೀರ್ಪನ್ನು ರದ್ದುಮಾಡಿತು, ಜುಲೈನಲ್ಲಿ ಬಿಡುಗಡೆಯಾದ.) ಕಾರ್ಟೆಲ್ ಜೈಲಿನಲ್ಲಿದ್ದ ಕಾಲದಲ್ಲೇ, 2012ರಲ್ಲಿ, ಟಾಮಿ ಲೀ 'ಸೈಕೊ' ಮುಂತಾದ ಹಾಡುಗಳಿಂದ ಮೇಲೆ ಬಂದ. ತನ್ನನ್ನು ಅಂಕಲ್ ಡೀಮನ್, ಅಂದರೆ ಪಿಶಾಚಿ ಮಾಮ, ಎಂದು ಕರೆದುಕೊಂಡ. ಈ ಶೈಲಿಗೆ ಗೋಥಿಕ್ ಡಾನ್ಸ್‌ಹಾಲ್ ಎಂದು ಹೆಸರಾಯಿತು. ಗೋಥಿಕ್ ಎಂದರೆ ಹಾಳುಬಂಗಲೆ, ಕತ್ತಲೆ, ಗೋರಿಗಳ ಕಥಾಪರಂಪರೆ. ಪಾದ್ರಿಗಳು ಸಿಟ್ಟಾದರು. ಇದು ಸೈತಾನನ ಆರಾಧನೆಯಲ್ಲ, ಸಿನಿಮಾ ನಟನ ಹಾಗೆ ತಾನು ತೊಟ್ಟ ವೇಷ ಎಂಬುದು ಅವನ ಸಮಜಾಯಿಷಿ.

ಇಲ್ಲಿ ಆದ ಬದಲಾವಣೆಯನ್ನು ಗಮನಿಸಿ. ಮಾರ್ಲಿಯ ಕಾಲದಲ್ಲಿ ಹಾಡುಗಾರ ದೆವ್ವವನ್ನು ಗೆದ್ದವನು. ಈಗ ಹಾಡುಗಾರನೇ ದೆವ್ವ. ಪಕ್ಕದಲ್ಲಿದ್ದವನು ಎದುರಿಗೆ ಬಂದು ನಿಂತಿದ್ದಾನೆ. ಕೆಲವು ವರ್ಷಗಳಲ್ಲಿ ಅದೇ ಊರಿನ ಸ್ಕ್ವಾಶ್, ರೈಜಿನ್ ಕಿಂಗ್ ಮೊದಲಾದವರು ಟ್ರ್ಯಾಪ್ ತಾಳವನ್ನು ಪೂರ್ತಿಯಾಗಿ ತಂದು ಕೂಡಿಸಿದರು. ಪಿಶಾಚಿಯ ವೇಷ ಎಲ್ಲರೂ ಹಾಕಲಿಲ್ಲ. ಕತ್ತಲೆಯ ದನಿ, ಗೋರಿ, ಶವಪೆಟ್ಟಿಗೆ ಎಲ್ಲರ ಆಸ್ತಿಯಾಯಿತು.

ಯಾಕೆ ಹೀಗಾಯಿತು? ಮಾಂಟೆಗೊ ಬೇ ಇರುವುದು ಸೇಂಟ್ ಜೇಮ್ಸ್ ಜಿಲ್ಲೆಯಲ್ಲಿ. ಜನಸಂಖ್ಯೆ ಎರಡು ಲಕ್ಷಕ್ಕೂ ಕಡಿಮೆ. 2017ರ ಒಂದೇ ವರ್ಷದಲ್ಲಿ ಅಲ್ಲಿ 335 ಕೊಲೆಗಳಾದವು. 2018ರ ಜನವರಿಯಲ್ಲಿ ಸರ್ಕಾರ ತುರ್ತುಪರಿಸ್ಥಿತಿ ಘೋಷಿಸಿ ಸೈನ್ಯವನ್ನು ಬೀದಿಗಿಳಿಸಿತು. ಈ ಕೊಲೆಗಳ ಹಿಂದೆ ಲಾಟರಿ ಮೋಸದ ಹಣವೂ ಇತ್ತು. ನಿಮಗೆ ಬಹುಮಾನ ಬಂದಿದೆ, ಮೊದಲು ತೆರಿಗೆ ಕಟ್ಟಿ ಎಂದು ಅಮೆರಿಕದ ವೃದ್ಧರಿಗೆ ಫೋನ್ ಮಾಡಿ ದುಡ್ಡು ಕೀಳುವ ದಂಧೆ. 2013ರಲ್ಲಿ ಅದರ ವಿರುದ್ಧ ಪ್ರತ್ಯೇಕ ಕಾನೂನೇ ಬಂತು. ಸುಲಭದ ಹಣ ಬಂದಲ್ಲಿ ಬಂದೂಕು ಬಂತು. ಬಂದೂಕು ಬಂದಲ್ಲಿ ರಕ್ಷೆ ಬೇಕಾಯಿತು. ಓಬಿಯಾ ಬಲ್ಲವರಿಂದ ಹುಡುಗರು ಕಾವಲಿನ ಉಂಗುರ ಮಾಡಿಸಿಕೊಂಡು ಬೆರಳಿಗೆ ಹಾಕಿಕೊಂಡರು. ಹಾಡುಗಳಲ್ಲಿ ಆ ಉಂಗುರದ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಟ್ಯಾಕಿಯ ಸೈನಿಕರ ಪುಡಿ 250 ವರ್ಷಗಳ ನಂತರ ಉಂಗುರವಾಗಿತ್ತು. ಎದುರಿಗಿದ್ದವನು ಮಾತ್ರ ಒಡೆಯನಾಗಿರಲಿಲ್ಲ. ಪಕ್ಕದ ಓಣಿಯ ಹುಡುಗನಾಗಿದ್ದ.

ನಿಷೇಧ

ಹಾಡುಗಳ ಮೇಲೆ ಸರ್ಕಾರದ ಕಣ್ಣು ಬಿದ್ದದ್ದು ಸಹಜ. 2009ರ ಫೆಬ್ರುವರಿಯಲ್ಲಿ ಜಮೈಕಾದ ಪ್ರಸಾರ ಆಯೋಗ ಅಶ್ಲೀಲ ಕುಣಿತದ ಹಾಡುಗಳನ್ನು ರೇಡಿಯೊ, ಟಿವಿಯಿಂದ ಹೊರಗಿಟ್ಟಿತು. 2022ರ ಅಕ್ಟೋಬರ್‌ನಲ್ಲಿ ಲಾಟರಿ ಮೋಸ, ಅಕ್ರಮ ಬಂದೂಕು, ಮಾದಕವಸ್ತು ಮೊದಲಾದವನ್ನು ವೈಭವೀಕರಿಸುವ ಹಾಡುಗಳಿಗೂ ಅದೇ ಆಜ್ಞೆ ಹೊರಡಿಸಿತು. ಕಲಾವಿದರು ಪ್ರತಿಭಟಿಸಿದರು. ನಾವು ಕನ್ನಡಿ, ಮುಖ ಕೆಟ್ಟಿದ್ದರೆ ಕನ್ನಡಿ ಒಡೆಯಬೇಡಿ ಎಂಬುದು ಅವರ ವಾದದ ಸಾರ.

ಈ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಪೂರ್ತಿ ತಳ್ಳಿಹಾಕಲೂ ಆರೆ. ಟಾಮಿ ಲೀ ವೇಷ ಎಂದದ್ದು ನಿಜವಿರಬಹುದು. ಆದರೆ 2021ರಲ್ಲಿ ಅವನಿಗೆ ಮೂರು ವರ್ಷ ಜೈಲಾದದ್ದು ಅಕ್ರಮವಾಗಿ ನಿಜವಾದ ಬಂದೂಕು ಇಟ್ಟುಕೊಂಡದ್ದಕ್ಕೆ. 2020ರ ಜೂನ್‌ನಲ್ಲಿ ಶವಸಂಸ್ಕಾರವೊಂದಕ್ಕೆ ಹೋಗಿದ್ದ ರೈಜಿನ್ ಕಿಂಗ್ ಮೇಲೆ ಗುಂಡಿನ ದಾಳಿಯಾಯಿತು. ಒಬ್ಬ ಮಹಿಳೆ ಸತ್ತರು. ಅವನು ಗಾಲಿಕುರ್ಚಿ ಸೇರಿದ. ಆ ಮಹಿಳೆಯ ಮನೆಯವರ ಮುಂದೆ ನಿಂತು ಇದೆಲ್ಲ ಬರೀ ಕಲೆ ಎನ್ನಲು ನನಗೆ ಬಾಯಿ ಬಾರದು.

ಹಾಗೆಂದು ಹಾಡೇ ಕೊಲೆಗಾರ ಎನ್ನುವುದಕ್ಕೂ ಲೆಕ್ಕ ಕೂಡುವುದಿಲ್ಲ. 2017ರಲ್ಲಿ ಜಮೈಕಾದಲ್ಲಿ 1,600ಕ್ಕೂ ಹೆಚ್ಚು ಕೊಲೆಗಳಾಗಿದ್ದವು. 2024ರಲ್ಲಿ 1,200ಕ್ಕಿಂತ ಕಡಿಮೆ. ಈ ನಡುವೆ ಟ್ರ್ಯಾಪ್ ಡಾನ್ಸ್‌ಹಾಲ್ ಸಾಯಲಿಲ್ಲ. ರೇಡಿಯೊದಿಂದ ಹೊರಹಾಕಿದ ಹಾಡು ಹುಡುಗರ ಫೋನಿಗೆ ಹೋಯಿತು. ಅಲ್ಲಿಂದ ನನ್ನ ರೂಮಿಗೂ ಬಂತು. ಮೊಟ್ಟೆಯ ಚಿಪ್ಪನ್ನು ನಿಷೇಧಿಸಿದ ಕಾನೂನಿಗೆ ಓಬಿಯಾ ಅಳಿಸಲು ಆಗಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಮತ್ತೊಂದು ಪ್ರಶ್ನೆ. ರೋಸ್ ಹಾಲಿನ ದೆವ್ವ ಗುಲಾಮರನ್ನು ಹಿಂಸಿಸಿದ ಒಡತಿಯದು, ಅದು ಪ್ರವಾಸೋದ್ಯಮ. ಫ್ಲ್ಯಾಂಕರ್‌ನ ದೆವ್ವ ಆ ಗುಲಾಮರ ವಂಶದವರದು. ಅದು ಕಾನೂನು ಸುವ್ಯವಸ್ಥೆಯ ಸಮಸ್ಯೆ. ಒಂದಕ್ಕೆ ಟಿಕೆಟ್, ಇನ್ನೊಂದಕ್ಕೆ ಆಜ್ಞೆ. ಎರಡೂ ಒಂದೇ ತಕ್ಕಡಿಯವಲ್ಲ, ಒಪ್ಪುತ್ತೇನೆ. ರೋಸ್ ಹಾಲಿನ ಕಥೆ ಕೇಳಿ ಇಂದು ಯಾರೂ ಬಂದೂಕು ಎತ್ತುವುದಿಲ್ಲ. ಆದರೂ ಯಾರ ಹೆದರಿಕೆ ಮನರಂಜನೆ, ಯಾರದ್ದು ಅಪರಾಧ ಎಂಬುದನ್ನು ನಿರ್ಧರಿಸುವವರು ಯಾರು ಎಂದು ಕೇಳದೆ ಇರಲಾಗದು.

ಕೊನೆಯ ಮಾತು

ನಮ್ಮ ಅಲಂಕಾರಶಾಸ್ತ್ರ ಭಯವನ್ನೂ ರಸವಾಗಿ ಒಪ್ಪಿದೆ. ಆದರೆ ರಸವಾಗಲು ಒಂದು ಷರತ್ತಿದೆ: ನೋಡುವವನು ಸುರಕ್ಷಿತನಾಗಿರಬೇಕು. ಹುಲಿ ರಂಗದ ಮೇಲಿದ್ದರೆ ಭಯಾನಕ ರಸ. ಮನೆಯೊಳಗಿದ್ದರೆ ಬರೀ ಭಯ. ನನ್ನ ಗೆಳೆಯನ ತಮ್ಮನಿಗೆ ಆ ಹಾಡು ರಸ. ಬಾಗಿಲಿಗೆ ಚಿಲಕ ಹಾಕಿ, ಹೊದಿಕೆ ಹೊದ್ದು, ಹದಿನೈದು ಸಾವಿರ ಕಿಲೋಮೀಟರ್ ದೂರದಲ್ಲಿ ಕುಳಿತು ಕೇಳುತ್ತಾನೆ. ಫ್ಲ್ಯಾಂಕರ್‌ನ ತಾಯಿಯೊಬ್ಬಳಿಗೆ, ಮಗ ಇನ್ನೂ ಮನೆಗೆ ಬಂದಿಲ್ಲದ ರಾತ್ರಿಯಲ್ಲಿ, ಅದೇ ಸದ್ದು ಬೀದಿಯ ಕಾರಿನಿಂದ ಕೇಳಿಬಂದರೆ ರಸವಾಗಲಾರದು.

ಆ ಹುಡುಗರು ದೆವ್ವದ ವೇಷ ಹಾಕಿದ್ದೇಕೆ ಎಂಬುದು ನನಗೀಗ ಅರ್ಥವಾಗುತ್ತದೆ. ಹೆದರುವವನು ಸಾಯುವ ಊರಿನಲ್ಲಿ ಹೆದರಿಸುವವನಾಗುವುದೇ ರಕ್ಷೆ ಎಂದು ಅವರು ತಿಳಿದರು. ಅಜ್ಜಂದಿರು ಆ ಆಯುಧವನ್ನು ಒಡೆಯನ ಮೇಲೆ ಎತ್ತಿದ್ದರು. ಮೊಮ್ಮಕ್ಕಳ ಕೈಯಲ್ಲಿ ಅದು ನೆರೆಮನೆಯ ಮೇಲೆ ತಿರುಗಿತು. ಗಾದೆ ಮತ್ತೆ ನೆಟ್ಟಗಾಯಿತು. ಈ ಸಂಗೀತದ ದುಃಖ ಇರುವುದು ಇಲ್ಲೇ. ಅದರ ದನಿಯಲ್ಲೂ ಅದು ಇದೆ. ಗಮನವಿಟ್ಟು ಕೇಳಿದರೆ ಪಿಸುಗುಟ್ಟುವವನು ಹೆದರಿಸುತ್ತಿರುವಷ್ಟೇ ಹೆದರಿದ್ದಾನೆ ಎನಿಸುತ್ತದೆ.

ಅಪರಾಧ ಸುದ್ದಿ ಬರೆಯುವ ನಾನು ಕೊಲೆಗಳನ್ನು ಅಂಕಿಗಳಲ್ಲಿ ಬರೆಯುವುದಕ್ಕೆ ಬೇಗ ಒಗ್ಗಿಕೊಂಡೆ. 335 ಎಂದು ಬರೆದು ಚಹಾ ಕುಡಿಯಲು ಹೋಗಬಲ್ಲೆ. ಜಮೈಕಾದ ಲೆಕ್ಕದಲ್ಲಿ 335 ಸಾವೆಂದರೆ 335 ಒಂಬತ್ತನೆಯ ರಾತ್ರಿಗಳು. ವರ್ಷಕ್ಕಿರುವುದು 365 ರಾತ್ರಿ. ಒಂದು ಜಿಲ್ಲೆಯಲ್ಲಿ ಹೆಚ್ಚುಕಡಿಮೆ ಪ್ರತಿ ರಾತ್ರಿಯೂ ಯಾವುದಾದರೊಂದು ಮನೆಯಲ್ಲಿ ಕೊಲೆಯಾದವನನ್ನು ಬೀಳ್ಕೊಡಲು ಮೀನು ಕರಿಯುತ್ತಿದ್ದರು, ಸಾಮಾನುಗಳ ಜಾಗ ಬದಲಿಸುತ್ತಿದ್ದರು. ಅಂಥ ಊರಿನ ಹಾಡಿನಲ್ಲಿ ದೆವ್ವ ಬಾರದೆ ಇನ್ನಾರು ಬರಬೇಕು?